ಹಾಥೋರ್ ದೇವಿಯ ಬಣ್ಣವಿಲ್ಲದ ಉಡುಗೆ

ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಚಹಾಕ್ಕೆ ಸಕ್ಕರೆ ಹಾಕಿದಳು.

ಮೂರು ದಿನ ಮನೆಯಲ್ಲಿ ಕಹಿ ಕಾಫಿಯೊಂದೇ ಇತ್ತು. ಅಳಲು ಬಂದವರಿಗೂ ಅದೇ, ಅತ್ತು ಮುಗಿಸಿ ಹರಟೆಗೆ ಕೂತವರಿಗೂ ಅದೇ. ನಿನ್ನೆ ಸಂಜೆ ಬೀದಿಯ ಶಾಮಿಯಾನ ಬಿಚ್ಚಿದ್ದರು. ಬಾಡಿಗೆ ಕುರ್ಚಿಗಳು ಕತ್ತೆಗಾಡಿ ಹತ್ತಿ ಹೋಗಿದ್ದವು. ಉಳಿದಿದ್ದು ಮಗುಚಿ ಹಾಸಿದ ಚಾಪೆಗಳು ಮಾತ್ರ. ಮನೆಯ ಯಜಮಾನ ಸತ್ತರೆ ಈಜಿಪ್ಟಿನ ಈ ಕೋಮ್ ಶಾಹೀನ್ ಊರಿನಲ್ಲಿ ಚಾಪೆ, ಕಂಬಳಿ, ದಿಂಬು ಎಲ್ಲವನ್ನೂ ಹಿಂದುಮುಂದು ಮಾಡುತ್ತಾರೆ. ಇನ್ಶಿರಾಹ್ ಚಾಪೆಯ ಹಿಂಬದಿಯ ಗಂಟುಗಳ ಮೇಲೆ ಕೂತು ಚಹಾ ಕುಡಿದಳು. ಲೋಟ ಖಾಲಿಯಾದ ಮೇಲೆ, ಅದು ಸಿಹಿಯಾಗಿತ್ತು ಅನ್ನುವುದು ಗೊತ್ತಾಯಿತು.

ಅವಳ ಗಂಡ ಶಾಜ್ಲಿ ಮಂಗಳವಾರ ಮಧ್ಯಾಹ್ನ ಉಂಡು ಒಂದು ಗಳಿಗೆ ಅಡ್ಡಾಗಿದ್ದ. ಏಳಲಿಲ್ಲ. ಮೂವತ್ತಾರು ವರ್ಷ. ಹೃದಯ ಅಂದರು ಡಾಕ್ಟರು. ಊರಿನ ಹಳೆಯ ದೇವಾಲಯದ ಚಿತ್ರಗಳನ್ನು ಅಳತೆ ತಪ್ಪದೆ ಹಾಳೆಗೆ ಇಳಿಸುವುದು ಅವನ ಕೆಲಸವಾಗಿತ್ತು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಬಂದ ಹೆಂಗಸರೆಲ್ಲ ಅದನ್ನು ಗಮನಿಸಿದ್ದರು. ಕೆನಾ ವಿಶ್ವವಿದ್ಯಾಲಯದಲ್ಲಿ ಓದಿದವಳು, ಅಲ್ಲಿ ಅಳುವುದನ್ನು ಕಲಿಸಿರಲಿಕ್ಕಿಲ್ಲ ಅಂದಿದ್ದಳು ಒಬ್ಬಳು, ಕೇಳಿಸುವ ಹಾಗೆ.

ಇನ್ಶಿರಾಹ್ ಗಮನಿಸಿದ್ದು ಬೇರೆ. ಸಾಲಾಗಿ ಬಂದ ಗಂಡಸರ ಮೀಸೆಗಳೆಲ್ಲ ವಾರೆಯಾಗಿದ್ದವು. ಎಲ್ಲವೂ ಎಡಕ್ಕೆ. ದುಃಖದಲ್ಲಿ ಕಣ್ಣಿಗೆ ಹೀಗೂ ಆಗುತ್ತದೇನೋ ಅಂದುಕೊಂಡಿದ್ದಳು.

ಅತ್ತೆ ದಹಬ್ ಮಾಳಿಗೆಯಿಂದ ಇಳಿದು ಬಂದಳು. ನಸುಕಿನಲ್ಲೇ ಹಿಟ್ಟು ನಾದಿ, ಮಣ್ಣಿನ ತಟ್ಟೆಗಳ ಮೇಲೆ ಉಂಡೆ ಇಟ್ಟು, ಬಿಸಿಲಿಗೆ ಉಬ್ಬಲು ಬಿಟ್ಟಿದ್ದಳು. ಮೊಣಕೈವರೆಗೂ ಹಿಟ್ಟು.

"ಬಾಗಿಲಲ್ಲಿ ಗಿಂದಿ ಕೂತಿದ್ದಾನೆ."

ಗಿಂದಿ ಊರಿನ ಕ್ಷೌರಿಕ. ಊರಿನವರೆಲ್ಲ ಉಸ್ತಾ ಎಂದು ಕರೆಯುತ್ತಿದ್ದರು, ಕೈಕಸುಬು ಬಲ್ಲವನೆಂಬ ಗೌರವಕ್ಕೆ.

"ಏನಂತೆ ಅತ್ತೆ?"

"ಅದೇ ಗೊತ್ತಾಗ್ತಿಲ್ಲ. ಮೊನ್ನೆ ಬಂದ, ಈರುಳ್ಳಿ ಅಗ್ಗವಾಯ್ತು ಅಂದ, ಹೋದ. ನಿನ್ನೆ ಬಂದ, ಚಳಿ ಕಮ್ಮಿಯಾಯ್ತು ಅಂದ, ಹೋದ. ಇವತ್ತು ನೈಲ್ ನದಿ ಇನ್ನೂ ಅಲ್ಲೇ ಹರೀತಿದೆ ಅಂತ ಹೇಳೋಕೆ ಬಂದಿರ್ಬೇಕು."

ಕರೆದಾಗ ಗಿಂದಿ ಬಂದು ಹೊಸಿಲಲ್ಲೇ ನಿಂತ. ಅವನ ಮೀಸೆಯೂ ಎಡಕ್ಕೆ ಜಾರಿತ್ತು.

"ನಿಮ್ಮ ಕೋಳಿ ಚೆನ್ನಾಗಿ ಮೊಟ್ಟೆ ಇಡ್ತಿದೆಯಾ, ಶಾಜ್ಲಿಯಮ್ಮ?"

"ಕೋಳಿ ಕಥೆ ಹಾಗಿರ್ಲಿ. ನಿನ್ನ ಮೀಸೆ ಯಾಕೋ ಮಗನೇ ಅಂಗಡಿ ಮುಚ್ಕೊಂಡು ಹೋಗೋ ಹಾಗೆ ಒಂದು ಕಡೆ ಹೊರಟಿದೆ?"

ಗಿಂದಿ ಮೀಸೆ ಮುಚ್ಚಿಕೊಂಡ. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟ.

"ಕನ್ನಡಿ, ಅಮ್ಮ. ನನ್ನ ಅಂಗಡಿ ದೊಡ್ಡ ಕನ್ನಡಿ. ದೇವಸ್ಥಾನದ ಕತ್ತಲೆ ಕೋಣೆಗೆ ಬಿಸಿಲು ಹಾಯಿಸ್ಬೇಕು, ನಾಲ್ಕು ದಿನ ಕೊಡು ಅಂತ ತಗೊಂಡು ಹೋದ ನಿಮ್ಮ ಮಗ, ಪುಣ್ಯಾತ್ಮ. ನಾಲ್ಕು ತಿಂಗಳಾಯ್ತು. ನನ್ನ ಹತ್ರ ಅಂಗೈಯಗಲದ ಕನ್ನಡಿ ಇದೆ. ಅದರಲ್ಲಿ ಗಿರಾಕಿಗೆ ಅರ್ಧ ಮುಖ ಕಾಣುತ್ತೆ. ಬಲಗಡೆ ನೋಡ್ತಾನೆ, ಭೇಷ್ ಅಂತಾನೆ. ಎಡಗಡೆ ನೋಡ್ತಾನೆ, ಭೇಷ್ ಅಂತಾನೆ. ಎರಡೂ ಭೇಷೇ. ಜೋಡಿಸಿದ್ರೆ ಮಾತ್ರ..." ಎಂದು ಕೈಯಲ್ಲಿ ಇಳಿಜಾರು ತೋರಿಸಿದ. "ದೂರದವರು ಗುರುತು ಹಿಡಿದ್ಬಿಟ್ಟಿದ್ದಾರೆ. ಸಂತೇಲಿ ಮೀಸೆ ನೋಡಿ, ಓ ಕೋಮ್ ಶಾಹೀನಿನವನು ಅಂತಾರೆ."

"ಮಣ್ಣು ಮಾಡೋವಾಗ ನನ್ನ ಮೈದುನ ಕೂಗಿ ಹೇಳ್ಲಿಲ್ವಾ? ಸತ್ತವನ ಹತ್ರ ಯಾರದ್ದೇನಾದ್ರೂ ಇದ್ರೆ ನನ್ನ ಕೇಳಿ ಅಂತ. ಆಗ ಯಾಕೆ ಬಾಯಿ ಬಿಡ್ಲಿಲ್ಲ?"

"ಗೋರಿ ಮುಂದೆ ನಿಂತು ಕನ್ನಡಿ ಕೇಳ್ಲಾ, ಅಮ್ಮ? ಇವತ್ತೂ ಕೇಳ್ತಿರ್ಲಿಲ್ಲ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಸರ್ವತ್ ಸಾಹೇಬ್ರು ಬರ್ತಾರೆ. ಬಂದಾಗೆಲ್ಲ ನನ್ನ ಹತ್ರಾನೇ ಕ್ಷೌರ. ಹೋದ ಸಲ ಅವರನ್ನೂ ವಾರೆ ಮಾಡಿ ಕಳಿಸಿದ್ದೀನಿ. ಅವರಿಗಿನ್ನೂ ಗೊತ್ತಿಲ್ಲ. ಹೆಂಡತಿಗೆ ಹೆದರಿ ಮನೆ ಕನ್ನಡೀನೂ ನೋಡಲ್ಲ ಅಂತ ಕಾಣುತ್ತೆ."

ಸರ್ವತ್ ಸಾಹೇಬರೆಂದರೆ ದೇವಾಲಯದ ಮೇಲ್ವಿಚಾರಕರು. ಅವರ ಹೆಸರು ಕೇಳಿ ಇನ್ಶಿರಾಹ್ ತಲೆಯೆತ್ತಿದಳು.

ಅವರು ಬರುತ್ತಿದ್ದುದು ಕ್ಷೌರಕ್ಕಲ್ಲ, ದೇವಾಲಯದಲ್ಲಿ ತೂಗುಹಾಕಲಿದ್ದ ಹಾಳೆಗಳಿಗೆ. ಶಾಜ್ಲಿ ಎರಡು ವರ್ಷ ಕೂತು ಹನ್ನೊಂದು ಹಾಳೆಗಳ ಮೇಲೆ ದೇವಾಲಯವನ್ನು ಮೊದಲ ದಿನ ಇದ್ದ ಹಾಗೆ ಬರೆದಿದ್ದ. ಮೊದಲ ಹಾಳೆಯಲ್ಲಿ ಮುಂಬಾಗಿಲ ಎರಡು ಗೋಪುರಗಳು, ಸುಣ್ಣ ಬಳಿದ ಹೊಸ ಗೋಡೆಯಂತೆ ಅಚ್ಚಬಿಳಿ. ಗೋಡೆಯ ನಾಲ್ಕು ಉದ್ದ ಸೀಳುಗಳಲ್ಲಿ ನಾಲ್ಕು ದೇವದಾರು ಕಂಬ, ತುದಿಯಲ್ಲಿ ಕೆಂಪು ನೀಲಿ ಪತಾಕೆ. ಬಾಗಿಲಿಗೆ ಹೊಳೆಯುವ ತಗಡು. ಒಳಗೆ ಹಸಿರು ದಂಟಿನ ಕಂಬಗಳು, ಹಳದಿ ನಕ್ಷತ್ರಗಳ ನೀಲಿ ಚಾವಣಿ. ಊರಿನವರಿಗೆ ಗೊತ್ತಿದ್ದ ದೇವಾಲಯ ರೊಟ್ಟಿಯ ಬಣ್ಣದ್ದು. ಶೋಕಕ್ಕೆ ಬಂದವರು ಹಾಳೆ ನೋಡಿ, ಇದೇನು ಮದುವೆ ಶಾಮಿಯಾನವಾ ಅಂತ ಪಿಸುಗುಟ್ಟಿದ್ದರು.

ಹನ್ನೊಂದನೆಯ ಹಾಳೆ ಎಲ್ಲಕ್ಕಿಂತ ಒಳಗಿನ ಪುಟ್ಟ ಕೋಣೆಯದು. ಅದರಲ್ಲಿ ಹಳೆಯ ಈಜಿಪ್ಟಿನ ಹಾಥೋರ್ ದೇವಿ ನಿಂತಿದ್ದಳು. ಮುಖ ಹಳದಿ, ಕೂದಲು ನೀಲಿ, ಕೊರಳಿಗೆ ಏಳು ಸಾಲಿನ ಮಣಿಸರ. ಎದೆಯಿಂದ ಪಾದದವರೆಗೆ ಉಡುಗೆ ಮಾತ್ರ ಖಾಲಿ. ಬಣ್ಣವೇ ಇಲ್ಲ.

ಅದಕ್ಕಾಗಿ ಗಂಡಹೆಂಡಿರ ನಡುವೆ ಜಗಳವಾಗಿತ್ತು.

"ಯಾವಾಗ ಮುಗಿಸ್ತೀಯ ಇದನ್ನ?" ಅಂದಿದ್ದಳು ಅವಳು.

"ಮುಗಿದಿದೆಯಲ್ಲ."

"ಸೋಮಾರಿ. ಅವಳ ಉಡುಗೆ ಹಸಿರು ಇರುತ್ತೆ. ನಾಲ್ಕು ವರ್ಷ ಇದನ್ನೇ ಓದಿದ್ದೀನಿ ನಾನು."

"ನಾನು ಓದಿಲ್ಲ, ನೋಡಿದ್ದೀನಿ. ನೀನೂ ಬಂದು ನೋಡು."

ನಾಳೆ ಅಂದಿದ್ದಳು. ಹಾಳೆಯ ಕೆಳಗೆ, ಉಡುಗೆಯ ಅಂಚಿನ ಹತ್ತಿರ, ಬೆರಳುದ್ದದ ಹಸಿರು ಕಲೆಯಿತ್ತು. ಕುಂಚ ಜಾರಿದೆ, ಇದನ್ನೂ ಒರೆಸಿಲ್ಲ ಎಂದು ರಬ್ಬರು ಹಿಡಿದು ಹೋಗಿದ್ದಳು. ಅವನು ಕೈ ಹಿಡಿದು ನಕ್ಕಿದ್ದ. ಅದು ಸೋಮವಾರ.

ನಿನ್ನೆ ಸರ್ವತ್ ಸಾಹೇಬರು ಕಾಫಿ ಕುಡಿಯುತ್ತ ಆ ಹಾಳೆ ನೋಡಿ, "ಪಾಪ, ಮುಗಿಸೋಕಾಗ್ಲಿಲ್ಲ ಅವನಿಗೆ. ನಮ್ಮ ಆಫೀಸಿನವನೊಬ್ಬ ಹಸಿರು ತುಂಬ್ತಾನೆ. ಕೆಳಗೆ ಇಬ್ಬರ ಹೆಸರೂ ಹಾಕೋಣ" ಅಂದಿದ್ದರು. ಮೂರು ದಿನದಲ್ಲಿ ಇನ್ಶಿರಾಹ್ ಕೇಳಿದ ಅಷ್ಟೂ ಮಾತಿನಲ್ಲಿ ಅದೊಂದೇ ಚುಚ್ಚಿಕೊಂಡು ಒಳಗೆ ಕೂತಿತ್ತು. ಮುಗಿಸೋಕಾಗ್ಲಿಲ್ಲ. ಮುಗಿದಿದೆಯಲ್ಲ. ಎರಡರಲ್ಲಿ ಒಂದು ನಿಜ. ಯಾವುದು ನಿಜವೆಂದು ಆ ಕೋಣೆಯ ಗೋಡೆಗೆ ಗೊತ್ತು. ಆ ಗೋಡೆ ನೋಡಲು ಬೆಳಕು ಬೇಕು. ಬೆಳಕಿಗೆ ಕನ್ನಡಿ ಬೇಕು. ಕನ್ನಡಿ ಒಮ್ಮೆ ಅಂಗಡಿಯ ಮೊಳೆ ಹತ್ತಿದರೆ ಗಿಂದಿ ಅದನ್ನು ತನ್ನ ಸ್ವಂತ ತಮ್ಮನಿಗೂ ಇನ್ನು ಕೊಡುವವನಲ್ಲ.

"ಕನ್ನಡಿ ನಾನೇ ತಂದು ಕೊಡ್ತೀನಿ" ಅಂದಳು.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವಂತಿಲ್ಲ. ಅತ್ತೆ ಏನನ್ನುತ್ತಾಳೋ ಎಂದು ಗಿಂದಿ ಅವಳ ಮುಖ ನೋಡಿದ.

"ಹೋಗ್ಲೇಬೇಕು" ಅಂದಳು ದಹಬ್. "ಎರವಲು ತಂದದ್ದು ವಾಪಸ್ಸಾಗೋವರೆಗೂ ಸತ್ತವನ ಜೀವ ನೇತಾಡ್ತಾ ಇರುತ್ತೆ. ನನ್ನ ಮಗ ಸ್ವರ್ಗದ ಬಾಗಿಲಲ್ಲಿ ಕ್ಷೌರದಂಗಡಿ ಕನ್ನಡಿ ಹೊತ್ಕೊಂಡು ನಿಂತಿರ್ಬೇಕಾ? ತಂದ ಮನೆಯವ್ರೇ ಕೊಡ್ಬೇಕು, ಬರಿಗೈಲಿ ಅಲ್ಲ, ರೊಟ್ಟಿ ಜೊತೆ. ನಾನೂ ಬರ್ತೀನಿ. ಇರು, ಹಿಟ್ಟು ಉಬ್ಬಲಿ."

ರೊಟ್ಟಿ ಬೆಂದು ಇಳಿಯುವಾಗ ಹತ್ತು ದಾಟಿತ್ತು. ದೊಡ್ಡ ತಾಮ್ರದ ಹರಿವಾಣದಲ್ಲಿ ಆರು ರೊಟ್ಟಿ ಜೋಡಿಸಿ, ಬಟ್ಟೆ ಮುಚ್ಚಿ, ತಲೆಯ ಮೇಲಿಟ್ಟುಕೊಂಡು ದಹಬ್ ಮುಂದೆ ನಡೆದಳು. ಹನ್ನೊಂದನೆಯ ಹಾಳೆಯನ್ನು ಸುತ್ತಿ ಹಿಡಿದು ಇನ್ಶಿರಾಹ್ ಹಿಂದೆ. ಗಿಂದಿ ಇನ್ನೂ ಹಿಂದೆ, ಮೀಸೆ ಮುಚ್ಚಿಕೊಂಡು.

ದೇವಾಲಯದ ಕಾವಲುಗಾರ ಅಬು ದೈಫ್ ಗೋಪುರದ ನೆರಳಲ್ಲಿ ಕೋಲು ಹಿಡಿದು ಕೂತಿದ್ದ. ಎದ್ದು ನಿಂತ.

"ಅವನು ಉಳಿಸಿ ಹೋದ ದಿನಗಳು ನಿನ್ನ ಆಯುಸ್ಸಿಗೆ ಸೇರಲಿ, ಮಗಳೇ."

"ನಿಮ್ಮ ಆಯುಸ್ಸು ಗಟ್ಟಿಯಿರಲಿ, ಚಿಕ್ಕಪ್ಪ."

"ಕನ್ನಡಿಗೆ ನನ್ನ ಸ್ವಂತ ಕಂಬಳಿ ಹೊದಿಸಿ ಇಟ್ಟಿದ್ದೀನಿ. ನನಗೆ ಚಳಿ, ಅದಕ್ಕೆ ಬೆಚ್ಚಗೆ." ಗಿಂದಿಯನ್ನು ನೋಡಿ, "ಬಂದ್ಯಾ, ವಾರೆ ಗಿಂದಿ?" ಅಂದ. ಅವನ ಮೀಸೆಯೂ ವಾರೆಯಾಗಿತ್ತು. ಅವನಿಗದು ಗೊತ್ತಿರಲಿಲ್ಲ.

ಅಬು ದೈಫ್‌ಗೆ ಶಾಜ್ಲಿಯ ಹಾಳೆಗಳ ಮೇಲೆ ಮುನಿಸಿತ್ತು. ಗೋಡೆಯ ಆ ನಾಲ್ಕು ಸೀಳುಗಳು ಹಳೇ ಕಾಲದ ದೈತ್ಯರು ಬೆನ್ನು ತುರಿಸಿಕೊಂಡ ಜಾಗ ಎಂದು ಅವನು ಮೂವತ್ತು ವರ್ಷ ಪ್ರವಾಸಿಗಳಿಗೆ ಹೇಳಿದ್ದ. ಪತಾಕೆ ಕಂಬ ಎಂದು ಚಿತ್ರ ಬರೆದು ತೂಗುಹಾಕಿದರೆ ಇನ್ನು ಯಾರು ನಂಬುತ್ತಾರೆ?

ಕಂಬಳಿ ತೆಗೆದ ಕೂಡಲೇ ಗಿಂದಿ ಕನ್ನಡಿಯನ್ನು ಮಗುವಿನಂತೆ ಅವಚಿಕೊಂಡ.

"ಕೊಡೋಕೆ ಮೊದಲು ಒಂದು ಸಲ ಒಳಗೆ ಬೆಳಕು ಬಿಡ್ಬೇಕು" ಅಂದಳು ಇನ್ಶಿರಾಹ್.

ಗಿಂದಿಯ ಮುಖ ಬಿಳಚಿತು. "ಮತ್ತೆ ನಾಲ್ಕು ದಿನವಾ?"

"ನಾಲ್ಕು ನಿಮಿಷ, ಉಸ್ತಾ."

"ಅವನೂ ಶುರುವಿಗೆ ನಾಲ್ಕು ಅಂತಾನೇ ಅಂದಿದ್ದ."

"ಅವಳು ಕೇಳಿದ್ದನ್ನ ಮಾಡೋ" ಅಂದಳು ದಹಬ್. "ರೊಟ್ಟಿ ಬಿಸಿ ಇದೆ, ಆರೋದ್ರೊಳಗೆ ಮುಗೀಲಿ."

ಬಿಸಿಲನ್ನು ಒಳಗೆ ತರುವ ಕ್ರಮ ಈ ಊರಿಗೆ ಹೊಸದೇನಲ್ಲ. ಅಂಗಳದಲ್ಲಿ ಒಬ್ಬ ಕನ್ನಡಿ ಹಿಡಿದು ಬಿಸಿಲನ್ನು ಕಂಬಗಳ ಸಾಲಿಗೆ ಎಸೆಯಬೇಕು. ಅಲ್ಲಿ ಇನ್ನೊಬ್ಬ, ಬೆಳ್ಳಿಕಾಗದ ಅಂಟಿಸಿದ ಹಲಗೆಯಲ್ಲಿ ಹಿಡಿದು ಗರ್ಭಗುಡಿಯ ಮೂಲೆಗೆ ದಾಟಿಸಬೇಕು. ಅಲ್ಲಿಂದ ಮೂರನೆಯವರು ಪಕ್ಕದ ಆ ಪುಟ್ಟ ಕೋಣೆಗೆ ತಿರುಗಿಸಬೇಕು. ಶಾಜ್ಲಿ ಮೂರನೆಯ ಜಾಗಕ್ಕೆ ಏನು ಬಳಸುತ್ತಿದ್ದ ಎಂದು ಕೇಳಿದರೆ ಅಬು ದೈಫ್ ನೆಲ ನೋಡಿದ.

"ಏನೋ ತಾಮ್ರದ ಹರಿವಾಣ ತರ್ತಿದ್ದ. ಸಂಜೆ ವಾಪಸ್ ಒಯ್ತಿದ್ದ."

ದಹಬ್ ತಲೆಯ ಮೇಲಿನ ಹರಿವಾಣ ಇಳಿಸಿ ಅದರ ತಳ ನೋಡಿದಳು. "ಕಳ್ಳ! ನಾನು ಬೂದಿ ಹಾಕಿ ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದು ಇದಕ್ಕಾ? ನಿನ್ನ ಹಾಗೆ ಪಾತ್ರೆ ತಿಕ್ಕೋರು ಇಡೀ ಈಜಿಪ್ಟಲ್ಲಿ ಇಲ್ಲಮ್ಮ ಅಂತ ಹೊಗಳ್ತಿದ್ದ ದಿನಾ."

ರೊಟ್ಟಿಗಳನ್ನು ಒಂದು ಕಂಬದ ಬುಡದಲ್ಲಿ ಬಟ್ಟೆ ಹಾಸಿ ಇಟ್ಟರು. ಗಿಂದಿ ಅಂಗಳದಲ್ಲಿ ನಿಂತ. ಅಬು ದೈಫ್ ಕಂಬಗಳ ನಡುವೆ. ಅತ್ತೆ ಸೊಸೆ ಒಳಗೆ ನಡೆದರು.

ಒಂದೊಂದು ಬಾಗಿಲಿಗೂ ನೆಲ ಒಂದು ಮೆಟ್ಟಿಲು ಏರುತ್ತಿತ್ತು, ಚಾವಣಿ ಅಷ್ಟೇ ಇಳಿಯುತ್ತಿತ್ತು. ಬೆಳಕು ಬಾಗಿಲಿಂದ ಬಾಗಿಲಿಗೆ ತೆಳ್ಳಗಾಯಿತು. ಎರಡನೆಯ ಹಜಾರದಲ್ಲಿ ದಹಬ್ ನಿಂತು ಮೇಲೆ ನೋಡಿದಳು. ಚಾವಣಿಯೆಲ್ಲ ತೊಳೆದು ನೀಲಿ ಹೊರಬಂದಿತ್ತು, ನಡುವೆ ಒಂದು ಮೊಳದ ಚೌಕ ಮಾತ್ರ ಕರಿ ಮಸಿ. ತೊಳೆಯುವ ಮೊದಲು ಹೇಗಿತ್ತು ಎಂಬ ಸಾಕ್ಷಿಗೆ ಅಷ್ಟು ಬಿಟ್ಟಿದ್ದರು.

"ಅದು ನಮ್ಮ ಮನೇದು" ಅಂದಳು ದಹಬ್, ಹೆಮ್ಮೆಯಿಂದ. ಅವಳ ಮುತ್ತಜ್ಜಿ ಹುಟ್ಟಿದ್ದು ಇಲ್ಲೇ. ಆಗ ಈ ಹಜಾರ ಅರ್ಧ ಮಣ್ಣಲ್ಲಿ ಹೂತಿತ್ತು, ನಾಲ್ಕು ಸಂಸಾರ ಒಳಗೆ ಒಲೆ ಹೂಡಿದ್ದವು. "ಎರಡು ವರ್ಷದಿಂದ ನಿನ್ನ ಮುತ್ತಜ್ಜಿ ರೊಟ್ಟಿ ಹೊಗೆ ಒರೆಸ್ತಾ ಇದ್ದಾರಮ್ಮ, ಮುದುಕಿ ಅಷ್ಟೊಂದು ಯಾಕೆ ಸುಡ್ತಿದ್ಲು ಅಂತ ರೇಗಿಸ್ತಿದ್ದ ನನ್ನ ಮಗ. ನಾನೂ ಹೇಳ್ದೆ, ಅವಳು ರೊಟ್ಟಿ ಸುಡದಿದ್ರೆ ನೀನು ಹುಟ್ತಿರ್ಲಿಲ್ಲ ಕಣೋ ಅಂತ."

ಗರ್ಭಗುಡಿಯ ಪಕ್ಕದ ಕೋಣೆಯಲ್ಲಿ ಕೈ ಕಾಣದಷ್ಟು ಕತ್ತಲೆ. ಇನ್ಶಿರಾಹ್ ಒಳಗೆ ಹೋದಳು. ದಹಬ್ ಬಾಗಿಲಲ್ಲಿ ಹರಿವಾಣ ಹಿಡಿದು ನಿಂತಳು.

"ಬಿಡೋ ಗಿಂದಿ!"

ಬೆಳಕು ಬಂತು. ಬಂದದ್ದು ಒಂದು ಕ್ಷಣ ಗೋಡೆಯ ಮೇಲೆ ಓಡಾಡಿ, ಚಾವಣಿಗೆ ಹಾರಿ, ಕಾಣದಾಯಿತು.

"ಏನಾಯ್ತೋ?"

ಹೊರಗಿನಿಂದ ಅಬು ದೈಫ್‌ನ ದನಿ ಕಲ್ಲುಗಳಿಗೆ ಬಡಿದು ಬಂತು. "ಮುಖ ನೋಡ್ಕೊಳ್ತಿದ್ದಾನೆ, ಶಾಜ್ಲಿಯಮ್ಮ! ಸೂರ್ಯನ ಬಿಟ್ಟು ತನ್ನ ಮೀಸೆ ನೋಡ್ತಿದ್ದಾನೆ!"

"ನಾಲ್ಕು ತಿಂಗಳಾಯ್ತಮ್ಮ ನೋಡ್ಕೊಂಡು!" ಎಂದು ಗಿಂದಿ ಅಂಗಳದಿಂದ ಅರಚಿದ. "ಅಯ್ಯೋ ದೇವರೇ, ಇದು ನಾನಾ?"

"ನೀನೇ! ಕನ್ನಡಿ ಎತ್ತು!"

ಮತ್ತೆ ಬೆಳಕು ಬಂತು. ಅಂಗಳದಿಂದ ಹಲಗೆಗೆ, ಹಲಗೆಯಿಂದ ಹರಿವಾಣಕ್ಕೆ. ತಾಮ್ರಕ್ಕೆ ತಾಗಿದ್ದರಿಂದ ಕೆಂಪಗೆ, ಸಂಜೆಯ ಬಿಸಿಲಿನ ಹಾಗೆ. ಈ ಸಲ ಗೋಡೆಯ ಮೇಲೆ ನಿಂತಿತು.

ಹಾಥೋರ್ ನಿಂತಿದ್ದಳು. ಹಾಳೆಯಲ್ಲಿದ್ದ ಹಾಗೇ. ಹಳದಿ ಮುಖ, ನೀಲಿ ಕೂದಲು. ಇನ್ಶಿರಾಹ್ ಮಣಿಸರದ ಸಾಲು ಎಣಿಸಿದಳು, ಏಳು. ಕೆಳಗೆ ಉಡುಗೆಯಿರಬೇಕಾದಲ್ಲಿ ಬಿಳಿ ಗಾರೆ, ಅದರ ಮೇಲೆ ಶಿಷ್ಯ ಎಳೆದ ಕೆಂಪು ಗೆರೆ, ಗುರು ಪಾದ ತಿದ್ದಿದ ಕಪ್ಪು ಗೆರೆ. ಬಣ್ಣವಿರಲಿಲ್ಲ. ಉದುರಿದ್ದಲ್ಲ, ಮಾಸಿದ್ದಲ್ಲ. ಉದುರಿದ ಬಣ್ಣ ಗಾರೆಯ ತೂತುಗಳಲ್ಲಿ ಚೂರಾದರೂ ಉಳಿಯುತ್ತದೆ, ಅವಳಿಗೆ ಅಷ್ಟು ಗೊತ್ತು. ಇಲ್ಲಿ ಯಾವತ್ತೂ ಬಳಿದಿರಲೇ ಇಲ್ಲ.

ಅವಳು ಮೊಣಕಾಲೂರಿ ಕೂತಳು. ಉಡುಗೆಯ ಅಂಚಿನಲ್ಲಿ, ಎಡಪಾದದ ಮೇಲೆ, ಬೆರಳುದ್ದದ ಒಂದು ಹಸಿರು ಗೀಟು. ಒಂದೇ ಒಂದು ಕುಂಚದ ಎಳೆ. ಎರಡು ಸಾವಿರ ವರ್ಷದ ಹಿಂದೆ ಯಾರೋ ಹಸಿರಿನಲ್ಲಿ ಕುಂಚ ಅದ್ದಿ ಒಂದು ಎಳೆದು ಬಿಟ್ಟು ಹೋಗಿದ್ದ.

ಹಾಳೆ ಬಿಚ್ಚಿ ಗೋಡೆಯ ಪಕ್ಕ ಹಿಡಿದಳು. ಅವಳು ರಬ್ಬರಿನಿಂದ ಅಳಿಸಲು ಹೊರಟಿದ್ದ ಕಲೆ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ, ಅದೇ ಉದ್ದಕ್ಕೆ ಇತ್ತು. ತುದಿಯಲ್ಲಿ ಕುಂಚದ ಎರಡು ಕೂದಲು ಕವಲೊಡೆದದ್ದು ಸಹ.

ಹಸಿರು ಅಂದಿದ್ದಳು ಅವಳು. ಮುಗಿದಿದೆ ಅಂದಿದ್ದ ಅವನು. ಇಬ್ಬರೂ ಗೆದ್ದಿದ್ದರು. ಹೇಳಿ ಹಂಗಿಸೋಣವೆಂದರೆ ಅವನಿರಲಿಲ್ಲ.

"ಏನಿದೆಯೇ ಅಲ್ಲಿ?" ಅಂದಳು ದಹಬ್. "ಕೈ ನೋಯ್ತಿದೆ ನನಗೆ."

"ಬಣ್ಣ ಹಾಕೇ ಇಲ್ಲ ಅತ್ತೆ. ಒಂದೆಳೆ ಎಳೆದು ಬಿಟ್ಟು ಹೋಗಿದ್ದಾನೆ. ಆ ಕಾಲದವನೇ."

"ಯಾಕಂತೆ?"

"ಯಾರಿಗೆ ಗೊತ್ತು."

"ಇದರಲ್ಲಿ ಗೊತ್ತಾಗೋಕೇನಿದೆ?" ಅಂದಳು ದಹಬ್. "ಊಟಕ್ಕೆ ಕರೆದಿರ್ತಾರೆ. ಹೋಗಿರ್ತಾನೆ. ಉಂಡು ಒಂದು ಗಳಿಗೆ ಅಡ್ಡಾಗಿ..."

ಹರಿವಾಣ ಅಲುಗಿತು. ಗೋಡೆಯ ಮೇಲಿನ ಬೆಳಕು ಜಾರಿ ನೆಲಕ್ಕೆ ಬಂತು, ಇನ್ಶಿರಾಹಳ ಕಪ್ಪು ಸೆರಗಿನ ಮೇಲೆ ನಡುಗುತ್ತ ನಿಂತಿತು. ಇನ್ಶಿರಾಹ್ ಎದ್ದು ಬಂದು ಹರಿವಾಣದ ಇನ್ನೊಂದು ಅಂಚು ಹಿಡಿದಳು. ಸ್ವಲ್ಪ ಹೊತ್ತು ಇಬ್ಬರೂ ಹಾಗೇ ಹಿಡಿದುಕೊಂಡಿದ್ದರು.

"ನಾಲ್ಕು ನಿಮಿಷ ಆಯ್ತು!" ಎಂದು ಅಂಗಳದಿಂದ ಕೂಗು ಬಂತು.

"ಸಾಯ್ಲಿ ಇವನು" ಅಂದಳು ದಹಬ್, ಮೂಗು ಒರೆಸಿಕೊಂಡು. "ಬಾ, ರೊಟ್ಟಿ ಆರುತ್ತೆ."

ಕ್ಷೌರದಂಗಡಿಗೆ ಬಂದಾಗ ಸರ್ವತ್ ಸಾಹೇಬರು ಆಗಲೇ ಕುರ್ಚಿ ಹಿಡಿದಿದ್ದರು. ಗೋಡೆಗೊರಗಿಸಿದ ಬೆಂಚಿನ ಮೇಲೆ ನಾಲ್ಕು ಗಂಡಸರು, ನಾಲ್ಕು ವಾರೆ ಮೀಸೆ. ಗಿಂದಿ ಒಳಗೆ ಓಡಿ, ಕತ್ತಿ ಮಸೆದು, ಸಾಹೇಬರ ಮುಖಕ್ಕೆ ನೊರೆ ಬಳಿಯಲು ತೊಡಗಿದ. ಕನ್ನಡಿಯನ್ನು ಅಬು ದೈಫ್ ಬಾಗಿಲವರೆಗೆ ಹೊತ್ತು ತಂದಿದ್ದ. ಅಲ್ಲಿ ಇನ್ಶಿರಾಹ್ ಅದನ್ನು ತನ್ನ ಕೈಗೆ ತೆಗೆದುಕೊಂಡಳು. ಬೆನ್ನು ಹೊರಕ್ಕೆ, ಗಾಜು ಎದೆಗೆ.

ಆ ಅಂಗಡಿಗೆ ಹೆಂಗಸರು ಕಾಲಿಟ್ಟದ್ದು ಯಾರ ನೆನಪಿನಲ್ಲೂ ಇರಲಿಲ್ಲ. ದಹಬ್ ಹರಿವಾಣ ಮುಂದೆ ಮಾಡಿ ಮೊದಲು ಹೊಕ್ಕಳು.

"ಕಣ್ಣು ನೆಲಕ್ಕೆ ಹಾಕಿ ಎಲ್ಲರೂ. ಎರವಲು ವಾಪಸ್ ಕೊಡೋಕೆ ಬಂದಿದ್ದೀವಿ. ರೊಟ್ಟಿ ಇದೆ, ಆಮೇಲೆ ತಿನ್ನಿ."

ಸಾಹೇಬರು ನೊರೆಯ ಒಳಗಿನಿಂದ, "ಈ ಬಿಸಿಲಲ್ಲಿ ನೀವ್ಯಾಕಮ್ಮ ಬರೋಕೆ ಹೋದ್ರಿ? ಹಾಳೆ ತಗೊಳ್ಳೋಕೆ ನಾನೇ ಮನೆಗೆ ಬರ್ತಿದ್ದೆ" ಅಂದರು.

"ಹಾಳೆ ಹನ್ನೊಂದೂ ಸಿದ್ಧವಾಗಿವೆ ಸಾಹೇಬ್ರೇ" ಅಂದಳು ಇನ್ಶಿರಾಹ್. ನಾಲ್ಕು ದಿನದಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ, ತನ್ನ ದನಿ ತನಗೇ ಬೇರೆಯವರದೆನಿಸಿತು. "ಹಸಿರು ತುಂಬ್ಬೇಡಿ. ಗೋಡೇಲಿ ಇಲ್ಲ. ಮೊದಲ ದಿನಾನೂ ಇರ್ಲಿಲ್ಲ. ಈಗ ನೋಡ್ಕೊಂಡು ಬಂದೆ."

"ಅದು ಸರಿ, ಆದ್ರೆ ನೋಡಿದ ಜನ ಏನಂತಾರೆ? ಬರೆದವನು ಅರ್ಧಕ್ಕೇ..."

"ಅರ್ಧಕ್ಕೆ ಬಿಟ್ಟವನು ಎರಡು ಸಾವಿರ ವರ್ಷದ ಹಿಂದಿನವನು. ಇವರು ಪೂರ್ತಿ ಮಾಡಿದ್ದಾರೆ. ನಂಬದವರನ್ನ ಅಬು ದೈಫ್ ಚಿಕ್ಕಪ್ಪ ಒಳಗೆ ಕರ್ಕೊಂಡು ಹೋಗಿ ತೋರಿಸ್ತಾರೆ."

ಬಾಗಿಲಲ್ಲಿದ್ದ ಅಬು ದೈಫ್ ಎದೆಯುಬ್ಬಿಸಿದ. ದೈತ್ಯರ ಬೆನ್ನು ಹೋದರೇನಂತೆ, ಹೇಳಲು ಹೊಸ ಕಥೆ ಸಿಕ್ಕಿತ್ತು.

ಸಾಹೇಬರು ತಲೆಯಲ್ಲಾಡಿಸಲು ಹೋದರು.

"ಅಲ್ಲಾಡ್ಬೇಡಿ ಸಾಹೇಬ್ರೇ" ಅಂದ ಗಿಂದಿ, ಕತ್ತಿಯನ್ನು ಅವರ ಗಂಟಲಿಗೆ ತಾಗಿಸಿ. "ಅಡ್ಡ ಆಡಿಸಿದ್ರೆ ಗಂಟಲು, ಉದ್ದ ಆಡಿಸಿದ್ರೆ ಗದ್ದ. ಏನಿದ್ರೂ ಬಾಯಲ್ಲೇ ಹೇಳಿ."

ಬೆಂಚಿನ ಮೇಲಿದ್ದವರೆಲ್ಲ ನೆಲದಿಂದ ಕಣ್ಣೆತ್ತಿದರು.

"ಆಯ್ತು" ಅಂದರು ಸಾಹೇಬರು, ತುಟಿ ಅಲುಗದ ಹಾಗೆ. "ಇದ್ದ ಹಾಗೇ ಹಾಕ್ತೀನಿ."

"ಹೆಸರೂ ಒಂದೇ" ಅಂದಳು ಇನ್ಶಿರಾಹ್.

"ಹೆಸರೂ ಒಂದೇ."

ಗಿಂದಿ ಕತ್ತಿ ತೆಗೆದ.

ಅವಳು ಕುರ್ಚಿಯ ಮುಂದಿನ ಗೋಡೆಗೆ ನಡೆದಳು. ನಾಲ್ಕು ತಿಂಗಳಿಂದ ಖಾಲಿಯಿದ್ದ ಮೊಳೆಯ ಸುತ್ತ ಸುಣ್ಣ ಬಿಳಿಯ ಚೌಕವಾಗಿ ಉಳಿದಿತ್ತು. ಗಾಜಿನ ಮೂಲೆಯಲ್ಲಿ ಶಾಜ್ಲಿಯ ಹೆಬ್ಬೆರಳಿನ ಗುರುತು, ನೀಲಿ. ತಂದ ವಸ್ತುವನ್ನು ಒರೆಸಿ ಕೊಡಬೇಕು. ಸೆರಗಿನ ತುದಿಯಿಂದ ಒರೆಸಿದಳು, ನಿಧಾನವಾಗಿ, ಪೂರ್ತಿ ಹೋಗುವವರೆಗೂ. ಆಮೇಲೆ ಎತ್ತಿ ಮೊಳೆಗೆ ಹಾಕಿದಳು.

ಹಿಂದೆ ಸಾಹೇಬರು ಕನ್ನಡಿಯಲ್ಲಿ ತಮ್ಮ ಮೀಸೆ ಕಂಡರು. ಕಂಡು ಕಿರುಚಿದರು. ಬೆಂಚಿನ ಮೇಲಿದ್ದ ನಾಲ್ವರೂ ಒಟ್ಟಿಗೆ ಎದ್ದರು. ಬಾಗಿಲಲ್ಲಿ ಅಬು ದೈಫ್, "ನಂದೂನಾ?" ಅಂದ.

"ಸ್ವಲ್ಪ ಬಲಕ್ಕೆ, ಮಗಳೇ" ಅಂದ ಗಿಂದಿ, ಯಾರಿಗೂ ಕಿವಿಗೊಡದೆ. "ಎಡಕ್ಕೆ ವಾಲಿದೆ."

ಇನ್ಶಿರಾಹ್ ತುಟಿ ಕಚ್ಚಿ, ಚೌಕಟ್ಟಿನ ಮೂಲೆ ಹಿಡಿದು, ಕನ್ನಡಿಯನ್ನು ನೆಟ್ಟಗೆ ಮಾಡಿದಳು.